ಪೊರಕೆಗೂ ರಜೆ

ಫೆಬ್ರವರಿ 4

ಅಜ್ಜಿಗೆ ಪುಟ್ಟಿಯ ನಮಸ್ಕಾರ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಏನು ಕೇಳಿದೆ ಅನ್ನುವುದನ್ನೂ ಲೆಕ್ಕಿಸದೆ "ಹ್ಞೂಂ, ಎಲ್ಲ ಚೆನ್ನಾಗಿದೆ, ಇಡ್ತೀನಿ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಈ ಕಾಲದಲ್ಲಿ ಅಂಚೆಪೆಟ್ಟಿಗೆ ಹುಡುಕಿಕೊಂಡು ಹೋಗುವ ಬಸ್ ಡ್ರೈವರ್ ನಾನೊಬ್ಬಳೇ ಎಂದು ಡಿಪೋದಲ್ಲಿ ಎಲ್ಲರೂ ನಗುತ್ತಾರೆ.

ಸುದ್ದಿ ಕೇಳು. ಏಪ್ರಿಲ್ ಮಧ್ಯದಲ್ಲಿ ನನಗೆ ರಜೆ ಮಂಜೂರಾಗಿದೆ. ಬೆಟ್ಟಕ್ಕೆ ಹೋಗುತ್ತಿದ್ದೇನೆ. ಒಬ್ಬಳೇ ಅಲ್ಲ, ಪೊರಕೆಯ ಜೊತೆ! ಅಲ್ಲಿ ಕುರಿ ಸಾಕುವವನೊಬ್ಬ ತನ್ನ ಹುಲ್ಲುಗಾವಲಿನ ಪಕ್ಕದ ಮರದ ಮನೆಯನ್ನು ಬಾಡಿಗೆಗೆ ಕೊಡುತ್ತಾನೆ. ನಾಯಿಯನ್ನು ಒಳಗೆ ಬಿಡುವ ಮನೆ ಸಿಗುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ಹಿಮ ಕರಗಿ ಹುಲ್ಲು ಎದ್ದಿರುತ್ತದಂತೆ, ದಾರಿಯುದ್ದಕ್ಕೂ ಹಳದಿ ಹೂವಂತೆ. ಪೊರಕೆ ಇದುವರೆಗೆ ಕಂಡಿರುವುದು ನೀನು ಕಾಯುವ ಗೇಟು, ಮೆಟ್ಟಿಲು, ಎದುರಿನ ದೀಪದ ಕಂಬ, ಇಷ್ಟೇ.

ನಿಜ ಹೇಳಲಾ? ಡಿಪೋ ಹಿಂದಿನ ಹಳೇ ಟೈರುಗಳ ನಡುವೆ ಸಿಕ್ಕಿದ ಆ ಮರಿಯನ್ನು ಎತ್ತಿಕೊಂಡು ಬಂದವಳು ನಾನು. ಹಾಸ್ಟೆಲ್‌ನಲ್ಲಿ ನಾಯಿ ಇಡುವಂತಿಲ್ಲ ಎಂದಾಗ ನಿನ್ನ ಕೈಗೆ ಹಾಕಿ ಹೊರಟವಳೂ ನಾನೇ. ಆ ದಿನ ಅವನು ಗೇಟಿನ ಸರಳುಗಳ ನಡುವೆ ಮೂತಿ ತೂರಿಸಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಲ ನೆಲ ಗುಡಿಸುತ್ತಲೇ ಇತ್ತು. ಈ ಸಲವಾದರೂ ಕೆಲವು ದಿನ ಅವನು ನನ್ನ ನಾಯಿಯಾಗಿರಲಿ.

ಅವನಿಗೊಂದು ಬೆಚ್ಚನೆಯ ಅಂಗಿ ಹೊಲಿಸಬೇಕು. ಎದೆಯ ಸುತ್ತಳತೆ ಬರೆದು ಕಳಿಸು.

ಇತಿ ನಿನ್ನ,
ಪುಟ್ಟಿ


ಫೆಬ್ರವರಿ 11

ಪುಟ್ಟಿ,

ಕಾಗದ ಬಂತು. ನಾನು ಗಟ್ಟಿಯಾಗಿದ್ದೇನೆ, ನಾಯಿ ನನಗಿಂತ ಗಟ್ಟಿಯಾಗಿದ್ದಾನೆ. ಕ್ಷೇಮ ಸಮಾಚಾರ ಮುಗಿಯಿತು, ಇನ್ನು ಬೈಗುಳ.

ಬೆಟ್ಟ ಯಾಕೆ? ನೆಲದ ಮೇಲೆ ಜಾಗ ಸಾಲದೆ ಹೋಯಿತಾ? ವರ್ಷವಿಡೀ ಗೇರು ಹಾಕಿ ಹಾಕಿ ಭುಜ ನೋಯುತ್ತದೆ ಅನ್ನುವವಳು ರಜೆ ಸಿಕ್ಕಿದರೆ ಕಾಲು ಚಾಚಿ ಮಲಗಬೇಕು. ಅದು ಬಿಟ್ಟು ಏದುಸಿರು ಬಿಡುತ್ತಾ ಗುಡ್ಡ ಹತ್ತುತ್ತಾಳಂತೆ, ಜೊತೆಗೊಂದು ಮೂಕಪ್ರಾಣಿಯನ್ನೂ ಹತ್ತಿಸುತ್ತಾಳಂತೆ. ಅವನೇನು ಬಂದು ಕೇಳಿದನಾ, "ಪುಟ್ಟಕ್ಕಾ, ನಂಗೆ ಹಳದಿ ಹೂ ತೋರ್ಸು" ಅಂತ?

ಹುಲ್ಲಿನಲ್ಲಿ ಉಣುಗು ಇರುತ್ತದೆ, ಕಿವಿಯೊಳಗೆ ಹೊಕ್ಕು ರಕ್ತ ಹೀರಿ ಬಟಾಣಿಯಷ್ಟು ದಪ್ಪ ಆಗುತ್ತದೆ. ಕಲ್ಲು ಚೂಪಿರುತ್ತದೆ, ಅಂಗಾಲು ಸೀಳುತ್ತದೆ. ಅಲ್ಲಿ ಕುರಿ ಕಾಯುವ ನಾಯಿಗಳು ನಮ್ಮವನ ಹಾಗೆ ಮೆಟ್ಟಿಲ ಕೆಳಗೆ ಬೆಳೆದವಲ್ಲ, ಕತ್ತು ಹಿಡಿದರೆ ಬಿಡುವ ಜಾತಿಯಲ್ಲ. ಹಿಮ ಕರಗುತ್ತದೆ ಅಂತ ಕುಣಿಯುತ್ತೀಯಲ್ಲ, ಕರಗಿದ್ದು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ. ಹಳ್ಳ ಏನು ಮಾಡುತ್ತದೆ? ಬಿದ್ದ ನಾಯಿಯನ್ನು ಎತ್ತಿಕೊಂಡು ಹೋಗುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅಷ್ಟಕ್ಕೇ ಇಷ್ಟು ಗೊತ್ತಾಗುತ್ತದೆ. ನೀನು ಕಾಲೇಜಿನವಳು.

ಅಲ್ಲದೆ ಇಲ್ಲಿ ಗೇಟಿಗೆ ನಾಯಿ ಬೇಕು. ನಾಯಿ ಇದೆ ಅಂತ ತಿಳಿದರೆ ಕಳ್ಳ ಪಕ್ಕದ ಬೀದಿಗೆ ಹೋಗುತ್ತಾನೆ.

ಸುತ್ತಳತೆ ತೆಗೆಯಲು ಹೋದೆ, ಟೇಪನ್ನೇ ಕಚ್ಚಿ ತುಂಡು ಮಾಡಿದ. ಆದ್ದರಿಂದ ಅಂಗಿಯ ಮಾತು ಅಲ್ಲಿಗೆ ಬಿಡು. ಬೆಟ್ಟದ ಮಾತನ್ನೂ.

ಫೋನ್ ಮಾಡಬೇಡ. ಅದರ ಗೊರಗೊರ ನನಗೆ ಆಗಿಬರುವುದಿಲ್ಲ.

ಮುಖ ಊದಿಸಿಕೊಳ್ಳಬೇಡ,
ಅಜ್ಜಿ


ಫೆಬ್ರವರಿ 12

ತಂಗೀ,

ಇದನ್ನು ನಿನ್ನ ಸೊಸೆಯ ಕಣ್ಣಿಗೆ ಬೀಳದ ಹಾಗೆ ಓದು.

ನನಗೆ ಕಿವಿ ಹೋಗಿದೆ ಕಣೆ. ಹೋದ ವರ್ಷದ ಆ ಜ್ವರ ಬಿಟ್ಟು ಹೋಗುವಾಗ ಕಿವಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅಂದಾಜು ಮಾಡುತ್ತೇನೆ. ಮೀಸೆಯವರದು ಕಷ್ಟ. ಈ ಕಟ್ಟಡದ ಮಾಲೀಕನಿಗೆ ಮೀಸೆ ಇದೆ, ನೋಡು ನನ್ನ ಗ್ರಹಚಾರ. ಅದಕ್ಕೆ ಎದುರಿನವರು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿ, ಅವರು ಸುಸ್ತಾಗಿ ಹೋಗುವ ತನಕ ನಿಲ್ಲಿಸುವುದಿಲ್ಲ. ಮೊದಲಿನಿಂದಲೂ ಬಾಯಿ ಜೋರು ಅಂತ ಹೆಸರು ಮಾಡಿದ್ದು ಈಗ ಉಪಯೋಗಕ್ಕೆ ಬಂತು, ಯಾರಿಗೂ ಅನುಮಾನವಿಲ್ಲ. ಮೂರನೇ ಮಹಡಿಯಲ್ಲಿ ಪಿಟೀಲು ಕಲಿಸುವವಳೊಬ್ಬಳಿದ್ದಾಳೆ. ಅವಳ ಶಿಷ್ಯರ ಕಾಟಕ್ಕೆ ಇಡೀ ಕಟ್ಟಡ ದೂರು ಕೊಡುತ್ತದೆ, ನಾನೊಬ್ಬಳು ಕೊಡುವುದಿಲ್ಲ. ನನ್ನಂಥ ಸಂಗೀತಪ್ರೇಮಿ ಇನ್ನೊಬ್ಬರಿಲ್ಲ ಅಂತ ಅವಳು ಬಿಸ್ಕತ್ತಿನ ಡಬ್ಬ ತಂದುಕೊಟ್ಟಳು.

ಆದರೆ ನಾನು ಗೇಟು ಕಾಯುವವಳು. ಗಂಟೆ ಬಾರಿಸಿದರೆ ತೆಗೆಯಬೇಕು, ಪಂಪು ಹಾಕಿದರೆ ಟ್ಯಾಂಕು ತುಂಬಿ ಸುರಿಯುವ ಮುಂಚೆ ನಿಲ್ಲಿಸಬೇಕು. ಇವೆಲ್ಲ ಹೇಗೆ ನಡೆಯುತ್ತಿದೆ ಅಂತೀಯ? ಪೊರಕೆ ನಡೆಸುತ್ತಿದ್ದಾನೆ. ಮೊದಮೊದಲು ಬೊಗಳುತ್ತಿದ್ದ. ಬೊಗಳಿದರೆ ಈ ಮುದುಕಿ ತಿರುಗುವುದಿಲ್ಲ ಅಂತ ಅವನಿಗೇ ತಿಳಿಯಿತು. ಈಗ ಬಂದು ಮೂಗಿನಿಂದ ನನ್ನ ಮಂಡಿಗೆ ಗುದ್ದುತ್ತಾನೆ, ಆಮೇಲೆ ಸದ್ದು ಬಂದ ಕಡೆ ನೋಡುತ್ತಾನೆ. ಗೇಟಾದರೆ ಗೇಟಿನ ಕಡೆ, ಟ್ಯಾಂಕಾದರೆ ಮೇಲಕ್ಕೆ. ನಾನು ಹೇಳಿಕೊಟ್ಟಿದ್ದಲ್ಲ ಕಣೆ. ಅವನೇ ಕಂಡುಕೊಂಡ.

ಈಗ ಪುಟ್ಟಿ ಅವನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾಳಂತೆ. ಬಾಯಿಗೆ ಬಂದ ಸುಳ್ಳೆಲ್ಲ ಬರೆದು ಹಾಕಿದ್ದೇನೆ. ಕೇಳುವ ಹುಡುಗಿಯಲ್ಲ ಅವಳು, ಥೇಟ್ ನಾನೇ.

ಗೇಟಿಗೆ ಕರೆಂಟಿನ ಬೀಗ ಹಾಕಿಸಿ ನನ್ನನ್ನು ಬಿಡಿಸುವುದು ಮಾಲೀಕನ ಬಹಳ ದಿನದ ಆಸೆ. "ಅಜ್ಜಿ ಕೈಲಾಗೋ ತನಕ ಇರ್ಲಿ" ಅಂತ ಬಿಟ್ಟಿದ್ದಾನೆ. ಕಿವಿಯ ವಿಷಯ ತಿಳಿದ ದಿನ ಗೇಟು ಹೋಯಿತು, ಗೇಟಿನ ಜೊತೆ ಮೆಟ್ಟಿಲ ಕೆಳಗಿನ ಈ ಕೋಣೆಯೂ ಹೋಯಿತು. ಚಿಕ್ಕದೇ. ಕಿಟಕಿಯಿಂದ ಕಾಣುವುದು ಬರೀ ಬೀದಿಯವರ ಪಾದ. ಆದರೆ ಬೀಗದ ಕೈ ನನ್ನ ಸೊಂಟದಲ್ಲಿದೆ. ಇದು ಹೋದರೆ ಮಗಳ ಮನೆಯ ಹಿಂದಿನ ಕೋಣೆ, ಅಲ್ಲಿ ಹಳೇ ಹೊಲಿಗೆ ಯಂತ್ರ, ಮುರಿದ ಕುರ್ಚಿ, ಜೊತೆಗೆ ನಾನು. ಪುಟ್ಟಿಗೆ ಹೇಳಿದರೆ ಪ್ರೀತಿಯಿಂದಲೇ ಅವಳು ಅವಳಮ್ಮನಿಗೆ ಹೇಳುತ್ತಾಳೆ, ಅವಳಮ್ಮ ಪ್ರೀತಿಯಿಂದಲೇ ಬಂದು ನನ್ನ ಪೆಟ್ಟಿಗೆ ಕಟ್ಟುತ್ತಾಳೆ.

ಏಪ್ರಿಲ್‌ನಲ್ಲಿ ಬಂದು ಕೆಲವು ದಿನ ನನ್ನ ಜೊತೆ ಕೂರುತ್ತೀಯಾ? ಏನೂ ಮಾಡಬೇಡ, ಸುಮ್ಮನೆ ಕೇಳಿಸಿಕೋ.

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕಾ,

ನಿನ್ನ ಕಾಗದವನ್ನು ಎರಡೆರಡು ಸಲ ಓದಿದೆ. ಆಮೇಲೆ ಯೋಚನೆ ಮಾಡಿದೆ, ಹುಟ್ಟಿದಾಗಿನಿಂದ ನೀನು ಯಾರ ಮಾತು ಕೇಳಿದ್ದೀಯ, ಈಗ ಹೊಸದಾಗಿ ಕೇಳದೆ ಇರುವುದಕ್ಕೆ?

ಬರುವ ಆಸೆ ನನಗೂ ಇದೆ. ಆದರೆ ಮಂಡಿ? ಗಂಟೆ ಬಾರಿಸಿದ್ದು ನನಗೆ ಇವತ್ತೇ ಕೇಳುತ್ತದೆ, ಎದ್ದು ಹೋಗಿ ಗೇಟು ತೆಗೆಯುವುದು ನಾಳೆ ಬೆಳಿಗ್ಗೆ.

ಹುಡುಗಿಗೆ ಹೇಳಿಬಿಡು. ನೀನು ಹೇಳದಿದ್ದರೆ ಬೇರೆ ಯಾರೋ ಹೇಳುತ್ತಾರೆ, ಅವರು ಹೇಗೆ ಹೇಳಿದರು ಅಂತಲೂ ನಿನಗೆ ಕೇಳಿಸುವುದಿಲ್ಲ.

ನಿನ್ನ ತಂಗಿ


ಮಾರ್ಚ್ 1

ಅಜ್ಜೀ,

ನಿನ್ನ ಬೈಗುಳ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋದೆ. ಉಣುಗಿಗೆ ಪುಡಿ ತಂದಾಯಿತು. ಅಂಗಾಲಿಗೆ ಚರ್ಮದ ಬೂಟು ಬರುತ್ತದೆ, ಅದನ್ನೂ ತಂದೆ. ಹಳ್ಳಕ್ಕೆ ಉದ್ದನೆಯ ಹಗ್ಗ. ಅಂಗಿಯನ್ನು ನನ್ನ ತೋಳಿನ ಅಂದಾಜಿನಲ್ಲೇ ಹೊಲಿಸಿದ್ದೇನೆ. ಕಳ್ಳನಿಗೆ ಮಾತ್ರ ಏನೂ ಸಿಗಲಿಲ್ಲ, ಅವನನ್ನು ನೀನೇ ಬೈದು ಓಡಿಸು.

ಉಳಿದಿರುವುದು ಕುರಿಯವನ ಒಂದೇ ಷರತ್ತು. ವಸಂತದಲ್ಲಿ ಕುರಿಗಳು ಮರಿ ಹಾಕಿರುತ್ತವೆ, ಆದ್ದರಿಂದ ನಾಯಿ ಕರೆದ ಕೂಡಲೇ ಬರಬೇಕು, ಹೇಳಿದ ಕಡೆ ಸುಮ್ಮನೆ ಕೂರಬೇಕು. ಅದನ್ನು ನೋಡಿಕೊಳ್ಳಲು ಮಾರ್ಚ್ ಮಧ್ಯದ ಶನಿವಾರ ಬಂದು ಪೊರಕೆಯನ್ನು ಕರೆದುಕೊಂಡು ಹೋಗುತ್ತೇನೆ. ನನ್ನ ಬಸ್ಸಿನ ಕಂಡಕ್ಟರ್ ಗೆಳತಿಗೆ ಊರಾಚೆ ತೋಟವಿರುವ ಮನೆಯಿದೆ, ಹಿಂದೆಯೇ ಒಂದು ಸಣ್ಣ ಗುಡ್ಡ. ಅಲ್ಲಿ ಒಂದು ರಾತ್ರಿ ಇದ್ದು, ಗುಡ್ಡ ಹತ್ತಿಸಿ ಇಳಿಸಿ, ಭಾನುವಾರ ಸಂಜೆ ತಂದುಬಿಡುತ್ತೇನೆ.

ಒಂದು ದಿನಕ್ಕೆ ನಿನ್ನ ಕಟ್ಟಡವನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

ಪುಟ್ಟಿ


ಮಾರ್ಚ್ 17

ತಂಗೀ,

ಬಂದಳು, ಕರೆದುಕೊಂಡು ಹೋದಳು, ತಂದುಬಿಟ್ಟಳು. ನಡುವಿನದನ್ನು ಹೇಳುತ್ತೇನೆ, ನಗಬೇಡ.

ಅವನು ಹೋದ ಮೇಲೆ ಕಟ್ಟಡವೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗಾಯಿತು. ಅದುವರೆಗೆ ನನಗೆ ಕಿವಿ ಕೇಳುವುದಿಲ್ಲ ಅಂತ ನನಗೇ ಅಷ್ಟಾಗಿ ಗೊತ್ತಿರಲಿಲ್ಲ. ಶನಿವಾರ ಗೇಟಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಬಟಾಣಿ ಸುಲಿಯುತ್ತಾ ಕೂತೆ. ಬಿಸಿಲು ಕಾಯಿಸುತ್ತೇನೆ ಅಂತ ಎಲ್ಲರಿಗೂ ಹೇಳಿದೆ. ಬಿಸಿಲು ಇರಲಿಲ್ಲ. ಮೇಲೆ ಟ್ಯಾಂಕು ತುಂಬಿ ಸುರಿದು, ಎರಡನೇ ಮಹಡಿಯ ಹಲ್ಲಿನ ಡಾಕ್ಟರು ಒಣಹಾಕಿದ್ದ ಬಿಳಿ ಕೋಟುಗಳ ಮೇಲೆ ನೀರು. ಅವರು ಇಳಿದು ಬಂದು ಬಾಯಿ ತೆರೆಯುವ ಮೊದಲೇ ನಾನೇ ಜೋರು ಮಾಡಿದೆ, "ಕೋಟು ಯಾರಾದ್ರೂ ಟ್ಯಾಂಕಿನ ಕೆಳಗೆ ಹಾಕ್ತಾರೇನ್ರೀ?" ಪಾಪ, ಕ್ಷಮಿಸಿ ಅಂದು ಹೋದರು. ಆಮೇಲೆ ಅವರ ಬೆನ್ನು ನೋಡಿ ನನಗೆ ನಾಚಿಕೆಯಾಯಿತು.

ಭಾನುವಾರ ಒಂದು ಉಪಾಯ ಹೂಡಿದೆ. ಗೇಟಿನ ಚಿಲಕಕ್ಕೆ ದಾರ ಕಟ್ಟಿ, ಕಿಟಕಿಯಿಂದ ಒಳಗೆ ತಂದು, ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡೆ. ಯಾರು ಗೇಟು ಅಲ್ಲಾಡಿಸಿದರೂ ಬೆರಳು ಎಳೆಯುತ್ತದೆ. ಹಾಲಿನವಳಿಗೆ ಸರಿಯಾಗಿ ಕೆಲಸ ಮಾಡಿತು. ಪಿಟೀಲಿನ ಇಬ್ಬರು ಶಿಷ್ಯರಿಗೂ ಮಾಡಿತು. ನಾನೇನು ಸಾಮಾನ್ಯಳಾ ಅಂತ ನನಗೇ ಹೆಮ್ಮೆ. ಆಗ ಬಂದ ನೋಡು ಮಾಲೀಕ. ಅವನ ಹತ್ತಿರ ಸ್ವಂತ ಕೀಲಿ ಇದೆ, ಗಂಟೆ ಗಿಂಟೆ ಇಲ್ಲ, ಗೇಟನ್ನು ಪೂರಾ ತಳ್ಳಿಕೊಂಡು ನುಗ್ಗಿದ. ನಾನು ಸ್ಟೂಲಿನಿಂದ ಕೆಳಗೆ, ಚಪ್ಪಲಿ ಗೋಡೆಗೆ, ಬಟಾಣಿ ಎಲ್ಲೆಡೆ. ದಾರ ಹಿಡಿದುಕೊಂಡೇ ಬಾಗಿಲಿಗೆ ಬಂದು ಮೀಸೆಯ ಕೆಳಗೆ ಏನೋ ಕೇಳಿದ. ಇದೇನಜ್ಜಿ ಅಂದಿರಬೇಕು.

"ಬಟಾಣಿ ಬಳ್ಳಿ ಹಬ್ಬಿಸ್ತಿದೀನಿ" ಅಂದೆ.

ಅವನು ನನ್ನ ಕಾಲು ನೋಡಿದ. ಕಾಲಿನ ಮೇಲಾ ಅಂದಿರಬೇಕು. ಬಹಳ ಹೊತ್ತು ನೋಡಿಕೊಂಡು ನಿಂತಿದ್ದು ಹೋದ. ಆ ನೋಟ ನನಗೆ ಹಿಡಿಸಲಿಲ್ಲ ಕಣೆ. ಅನುಮಾನದ ಬೀಜ ಬಿತ್ತು.

ಸಂಜೆ ಪುಟ್ಟಿ ಬಂದಳು. ಅವಳಿಗೂ ಮಾತಾಡಲು ಬಿಡದೆ ಬೈದು ಬಸ್ಸಿಗೆ ಹತ್ತಿಸಿದೆ. ಏನೋ ಹೇಳಬೇಕು ಅಂತ ಅವಳ ತುಟಿ ಆಡುತ್ತಲೇ ಇತ್ತು. ಪೊರಕೆ ಮಾತ್ರ ಬಂದವನೇ ಮೂಲೆಯಲ್ಲಿ ಸತ್ತ ಹಾಗೆ ಮಲಗಿದ. ಅಷ್ಟು ಸುಸ್ತಾಗಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಏನು ಮಾಡಿದಳೋ ಅವನನ್ನು.

ನಿನ್ನ ಅಕ್ಕ


ಮಾರ್ಚ್ 19

ಅಜ್ಜೀ,

ಎದುರಿಗೇ ಹೇಳೋಣವೆಂದರೆ ನೀನು ಬಾಯಿ ತೆರೆಯಲು ಬಿಡಲಿಲ್ಲ. ಪೊರಕೆಗೆ ಹುಷಾರಿಲ್ಲ.

ಅವನು ಬೊಗಳುವುದನ್ನೇ ಮರೆತಿದ್ದಾನೆ. ಗೆಳತಿಯ ಮನೆಯಲ್ಲಿ ಫೋನ್ ರಿಂಗಾಯಿತು, ಓಡಿ ಬಂದು ನನ್ನ ಮಂಡಿಗೆ ಗುದ್ದಿದ. ಕೆಟಲ್ ಸಿಳ್ಳೆ ಹಾಕಿತು, ಗುದ್ದಿದ. ಪಕ್ಕದ ಮನೆಯವರು ಬಾಗಿಲು ಹಾಕಿದರೂ ಗುದ್ದಿದ. ಗುದ್ದಿ ಗುದ್ದಿ ನನ್ನ ಮುಖ ನೋಡುತ್ತಾನೆ, ನಾನು "ಏನೋ ಪೊರಕೆ?" ಅಂದರೆ ಮತ್ತೆ ಗುದ್ದುತ್ತಾನೆ. ಗುಡ್ಡದ ಮೇಲೆ ಇನ್ನೂ ಅನ್ಯಾಯ. ದೂರದಲ್ಲಿ ಕುರಿಯ ಗಂಟೆ, ನೀರಿನ ಸದ್ದು, ಒಂದು ಹಕ್ಕಿ ಕೂಗಿದರೂ ಅವನಿಗೆ ನೆಮ್ಮದಿ ಇಲ್ಲ. ಮುಂದೆ ಓಡುವುದು, ವಾಪಸ್ ಬಂದು ಗುದ್ದುವುದು. ಒಂದು ಸಲವೂ ಆಟ ಆಡಲಿಲ್ಲ. ಕೊನೆಗೆ ನಡುಗುತ್ತಾ ಕೂತುಬಿಟ್ಟ, ನಾನು ಎತ್ತಿಕೊಂಡು ಇಳಿದೆ.

ನಿನ್ನ ಹತ್ತಿರ ತರುವ ಮುಂಚೆ ದಾರಿಯಲ್ಲೇ ಪ್ರಾಣಿ ವೈದ್ಯರಿಗೆ ತೋರಿಸಿದೆ. ಹೃದಯ, ಕಿವಿ, ಹಲ್ಲು ಎಲ್ಲ ಸರಿಯಾಗಿವೆ. ಗೇಟಿನ ಗದ್ದಲದಲ್ಲಿ ಬೆಳೆದು ಹೆದರಿಕೆ ಒಳಗೆ ಸೇರಿಕೊಂಡಿದೆ, ಪ್ರತಿ ಸದ್ದಿಗೂ ಬೆಚ್ಚುತ್ತಾನೆ, ಶಾಂತವಾದ ಜಾಗಕ್ಕೆ ಬದಲಾಯಿಸಿ ಎಂದರು.

ಅಜ್ಜಿ, ನಿನ್ನ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೆಟ್ಟದಿಂದ ಬಂದ ಮೇಲೆ ಅವನು ಗೆಳತಿಯ ತೋಟದಲ್ಲಿ ಇರಲಿ. ಅವಳು ಒಪ್ಪಿದ್ದಾಳೆ. ನಿನಗೆ ಬೇಸರವಾಗುತ್ತದೆ, ಗೊತ್ತು. ಆದರೆ ಅವನ ಮುಖ ನೋಡಿದ್ದರೆ ನೀನೂ ಇದನ್ನೇ ಹೇಳುತ್ತಿದ್ದೆ.

ಪುಟ್ಟಿ


ಮಾರ್ಚ್ 22

ಪುಟ್ಟಿ,

ನಾಯಿ ಎಲ್ಲಿಗೂ ಬರುವುದಿಲ್ಲ. ಬೆಟ್ಟಕ್ಕೂ ಇಲ್ಲ, ತೋಟಕ್ಕೂ ಇಲ್ಲ. ನಿನ್ನ ವೈದ್ಯನಿಗೆ ಹೇಳು, ಮೊದಲು ಅವನ ತಲೆ ಯಾರಿಗಾದರೂ ತೋರಿಸಿಕೊಳ್ಳಲಿ.

ಅಜ್ಜಿ


ಮಾರ್ಚ್ 27

ಅಜ್ಜೀ,

ಬಿಟ್ಟು ಹೋದವಳಿಗೆ ನನ್ನ ನಾಯಿ ಅನ್ನುವ ಹಕ್ಕು ಇಲ್ಲದಿರಬಹುದು. ಹೆದರಿ ನಡುಗುವ ಪ್ರಾಣಿಯನ್ನು ಗೇಟಿಗೆ ಕಟ್ಟಿಹಾಕುವ ಹಕ್ಕು ನಿನಗೂ ಇಲ್ಲ.

ಏಪ್ರಿಲ್ 13ಕ್ಕೆ ಬರುತ್ತೇನೆ. ಅವನ ಬಟ್ಟಲು, ಹಾಸು ಸಿದ್ಧವಾಗಿರಲಿ. ಬೇಡ ಅನ್ನುವುದಕ್ಕೆ ಒಂದೇ ಒಂದು ನಿಜವಾದ ಕಾರಣ ಇದ್ದರೆ ಬರೆ. ಉಣುಗು, ಕಳ್ಳ ಅಲ್ಲ. ನಿಜವಾದದ್ದು.

ಪುಟ್ಟಿ


ಏಪ್ರಿಲ್ 2

ಪುಟ್ಟಿ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೊದಲಿನ ಮೂರರಲ್ಲಿ ಬರೀ ಬೈಗುಳವೇ ತುಂಬಿಕೊಂಡಿತು.

ನನ್ನ ಬಗ್ಗೆ ನೀನು ಏನಾದರೂ ಅನ್ನು, ತಡೆದುಕೊಳ್ಳುತ್ತೇನೆ. ಪೊರಕೆಗೆ ಹುಷಾರಿಲ್ಲ, ಹೆದರುಪುಕ್ಕಲ ಅಂತ ಊರವರ ಮುಂದೆ ಹೇಳಿಸಿಕೊಂಡು ಬಂದೆಯಲ್ಲ, ಅದನ್ನು ನನ್ನಿಂದ ತಡೆಯಲು ಆಗುವುದಿಲ್ಲ. ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ.

ಅವನಿಗೆ ಕಾಯಿಲೆ ಇಲ್ಲ ಮಗಳೇ. ಅವನಿಗೆ ಕೆಲಸ ಇದೆ. ನನಗೆ ಒಂದು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ನೀನು ಫೋನಿನಲ್ಲಿ ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ, ಎಲ್ಲ ಚೆನ್ನಾಗಿದೆ ಅಂತ ಇಟ್ಟುಬಿಡುತ್ತೇನೆ. ಗೇಟಿನ ಗಂಟೆ, ಪಂಪು, ಟ್ಯಾಂಕು, ಹಾಲು ಉಕ್ಕುವುದು, ಎಲ್ಲ ಅವನೇ ಬಂದು ಹೇಳುತ್ತಾನೆ. ಮಂಡಿಗೆ ಗುದ್ದುವುದು ಅಂದರೆ "ಅಜ್ಜೀ, ಅಲ್ಲಿ ಸದ್ದಾಯ್ತು" ಅಂತ. ನಾನು ಅವನ ತಲೆಯ ಮೇಲೆ ಕೈಯಿಟ್ಟು "ಆಯ್ತಪ್ಪ" ಅನ್ನುತ್ತೇನೆ. ಆಗ ಅವನ ಕೆಲಸ ಮುಗಿಯಿತು, ಹೋಗಿ ಮಲಗುತ್ತಾನೆ. ಕೈಯಿಡದೆ ಇದ್ದರೆ ಇವಳಿಗೆ ಇನ್ನೂ ತಿಳಿದಿಲ್ಲ ಅಂತ ಮತ್ತೆ ಬಂದು ಗುದ್ದುತ್ತಾನೆ.

ನೀನು ಕೈಯಿಡಲಿಲ್ಲ. ನಿನಗೇನು ಗೊತ್ತು, ನಾನು ಹೇಳಿದ್ದರೆ ತಾನೆ. ಆ ಗುಡ್ಡದ ಮೇಲೆ ಎಷ್ಟು ಹಕ್ಕಿಯೋ, ಎಷ್ಟು ಕುರಿಯೋ, ಎಲ್ಲವನ್ನೂ ನಿನಗೆ ಹೇಳಿ ಹೇಳಿ, ನೀನು ಒಂದಕ್ಕೂ ಆಯ್ತು ಅನ್ನದೆ, ಪಾಪದವನು ಸೋತುಹೋದ. ನಡುಗಿದ್ದು ಹೆದರಿ ಅಲ್ಲ. ಅವನು ಹೆದರಿಲ್ಲ. ಹೆದರಿರುವುದು ನಾನು.

ಏನಕ್ಕೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಲೀಕನಿಗೆ ತಿಳಿದರೆ ಗೇಟಿಲ್ಲ, ಗೇಟಿಲ್ಲದಿದ್ದರೆ ಕೋಣೆಯಿಲ್ಲ, ನಿನ್ನಮ್ಮನ ಮನೆಯ ಹಿಂದಿನ ಕೋಣೆ ನೀನೂ ನೋಡಿದ್ದೀಯ.

ನಿಜವಾದ ಕಾರಣ ಕೇಳಿದೆ, ಕೊಟ್ಟಿದ್ದೇನೆ. ಈಗ ಅವನನ್ನು ಕರೆದುಕೊಂಡು ಹೋಗು. ಇಷ್ಟು ಬರೆದ ಮೇಲೆ ಹಿಡಿದಿಟ್ಟುಕೊಳ್ಳಲು ನನಗೆ ಮುಖವಿಲ್ಲ, ಅವನಿಗೂ ಒಂದು ಸಲ ರಜೆ ಬೇಕು. ಆದರೆ ಗುದ್ದಿದಾಗೆಲ್ಲ ತಲೆಯ ಮೇಲೆ ಕೈಯಿಡು. ಆಮೇಲೆ ವಾಪಸ್ ತಂದುಬಿಡು. ನಿನ್ನ ಕಂಡಕ್ಟರಿಗೆ ಬೇರೆ ನಾಯಿ ಸಿಗುತ್ತದೆ.

ಬಟ್ಟಲು, ಹಾಸು ಕಟ್ಟಿಟ್ಟಿದ್ದೇನೆ.

ಅಜ್ಜಿ


ಏಪ್ರಿಲ್ 7

ಅಜ್ಜೀ,

ಕಾಗದವನ್ನು ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾದ ಮೇಲೆ ಓದಿದೆ. ವಾಪಸ್ ಹೊರಡುವುದು ತಡವಾಯಿತು, ಪ್ರಯಾಣಿಕರು ಬೈದರು. ಬೈಯಲಿ.

ಅಮ್ಮನಿಗೆ ನಾನು ಹೇಳುವುದಿಲ್ಲ. ಅದು ನೀನು ಹೇಳಬೇಕಾದದ್ದು, ನಿನಗೆ ಬೇಕೆನಿಸಿದಾಗ.

ಒಂದು ವಿಷಯ ಕೇಳು. ಬಸ್ಸಿನಲ್ಲಿ ಯಾರಾದರೂ ಇಳಿಯಬೇಕಾದರೆ ಹಗ್ಗ ಎಳೆಯುತ್ತಾರೆ. ಇಂಜಿನ್ ಸದ್ದಿನಲ್ಲಿ ನನಗೂ ಗಂಟೆ ಕೇಳಿಸುವುದಿಲ್ಲ. ಅದಕ್ಕೆ ನನ್ನೆದುರಿಗೆ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅಷ್ಟೇ. ನನ್ನನ್ನು ಯಾರೂ ಇದುವರೆಗೆ ಕೆಲಸದಿಂದ ತೆಗೆದಿಲ್ಲ. ಡಿಪೋದ ಎಲೆಕ್ಟ್ರಿಷಿಯನ್ ಹತ್ತಿರ ಹಳೇ ಬಸ್ಸಿನಿಂದ ಬಿಚ್ಚಿದ ದೀಪಗಳಿವೆ. ಶನಿವಾರ ಅವನನ್ನು ಕರೆದುಕೊಂಡು ಬರುತ್ತೇನೆ. ಒಂದು ಗೇಟಿಗೆ, ಒಂದು ಟ್ಯಾಂಕಿಗೆ. ಆದರೆ ಅಷ್ಟು ದೊಡ್ಡ ಕೆಂಪು ದೀಪವನ್ನು ಮಾಲೀಕರಿಂದ ಮುಚ್ಚಿಡಲು ಆಗುವುದಿಲ್ಲ. ಬಟಾಣಿ ಬಳ್ಳಿಯ ಕಥೆಯನ್ನು ನಿನ್ನ ಕಾಗದದ ಹಿಂದೆಯೇ ಚಿಕ್ಕಜ್ಜಿ ಬರೆದು ತಿಳಿಸಿದ್ದಾಳೆ, ಎರಡನೇ ಸಲ ಅದು ನಡೆಯುವುದಿಲ್ಲ.

ಮರದ ಮನೆಯಲ್ಲಿ ಎರಡು ಹಾಸಿಗೆ ಇವೆ. ನೀನೂ ಬರುತ್ತೀಯ. ಬರುವುದಿಲ್ಲ ಅಂತ ಎಷ್ಟು ಬೇಕಾದರೂ ಕೂಗಾಡು, ನನಗೂ ಕಿವಿ ಕೇಳಿಸುವುದಿಲ್ಲ.

ಪುಟ್ಟಿ


ಏಪ್ರಿಲ್ 21

ತಂಗೀ,

ಚಾಡಿ ಹೇಳಿದ್ದಕ್ಕೆ ನಿನಗೆ ಬೇರೆ ಕಾಗದದಲ್ಲಿ ಬೈಯುತ್ತೇನೆ. ಇದು ಬೆಟ್ಟದಿಂದ.

ಹೊರಡುವ ಹಿಂದಿನ ದಿನ ಮಾಲೀಕನನ್ನು ನಾನೇ ಕರೆಸಿದೆ. ಈ ಸಲ ಬಾಯಿ ಜೋರು ಮಾಡಲಿಲ್ಲ. ಆಶ್ಚರ್ಯಕ್ಕೇ ಅವನು ಕುರ್ಚಿಯಲ್ಲಿ ಕೂತ. "ನನಗೆ ಕಿವಿ ಕೇಳ್ಸಲ್ಲ. ಒಂದು ವರ್ಷ ಆಯ್ತು. ಈ ಒಂದು ವರ್ಷದಲ್ಲಿ ಗೇಟಿಗೆ ಬಂದು ಯಾರಾದ್ರೂ ಹಾಗೇ ವಾಪಸ್ ಹೋಗಿದ್ರೆ ಹೇಳಿ" ಅಂದೆ. ಪುಟ್ಟಿ ಹಾಕಿಸಿದ ಕೆಂಪು ದೀಪ ತೋರಿಸಿದೆ. ಅವನು ಎದ್ದು ಹೊರಗೆ ಹೋಗಿ ತಾನೇ ಗಂಟೆ ಒತ್ತಿದ, ದೀಪ ಹೊತ್ತಿತು, ಒಳಗೆ ಬಂದು ನೋಡಿದ. ಮತ್ತೆ ಹೋಗಿ ಒತ್ತಿದ, ಮತ್ತೆ ಬಂದು ನೋಡಿದ. ಎಳೆಮಗುವಿನ ಹಾಗೆ ಎಷ್ಟು ಸಲ ಒತ್ತಿದ ಅಂದರೆ ಪಿಟೀಲಿನವಳು ಇಳಿದು ಬಂದಳು. ಎಲ್ಲ ಕೇಳಿದ ಮೇಲೆ ಅವಳ ಮುಖ ನೋಡಬೇಕಿತ್ತು ನೀನು. ಆದರೂ ನಾನು ಬರುವ ತನಕ ಗೇಟು ನೋಡಿಕೊಳ್ಳುತ್ತೇನೆ ಅಂತ ಅವಳೇ ಕೈಯೊಡ್ಡಿ ಕೀಲಿ ಇಸಿದುಕೊಂಡಳು. ಇನ್ನು ಬಿಸ್ಕತ್ತು ಬರುವುದಿಲ್ಲ ಅಂತ ಕಾಣುತ್ತದೆ.

ಮಾಲೀಕ ಮೀಸೆಯ ಕೆಳಗೆ ಏನೋ ಅಂದ. ನನಗೆ ತಿಳಿಯಲಿಲ್ಲ, ಪುಟ್ಟಿಯ ಕಡೆ ನೋಡಿದೆ. ಅವಳು ಬಾಯಿ ಅಗಲಿಸಿ ನಿಧಾನವಾಗಿ ಹೇಳಿದಳು: "ಹೋಗಿ ಬನ್ನಿ. ಬಂದ್ಮೇಲೆ ಮಾತಾಡೋಣ."

ಇದರ ಅರ್ಥ ಏನೇ? ಬಂದ ಮೇಲೆ ಇರಿ ಅಂತಲಾ, ಬಂದ ಮೇಲೆ ಹೊರಡಿ ಅಂತಲಾ? ಬಸ್ಸಿನುದ್ದಕ್ಕೂ ಅದೇ ಯೋಚನೆ. ಪುಟ್ಟಿ ಕಿಟಕಿಯಿಂದ ಹೂವು ತೋರಿಸುತ್ತಾಳೆ, ನನಗೆ ಅಲ್ಲೆಲ್ಲ ಮೀಸೆಯೇ ಕಾಣುತ್ತದೆ.

ಇಲ್ಲಿ ಮನೆಯ ಮುಂದೆ ಒಂದು ಬೆಂಚಿದೆ, ಅದರಾಚೆ ಹುಲ್ಲು ಇಳಿಜಾರಾಗಿ ಹಳ್ಳಕ್ಕೆ ಹೋಗುತ್ತದೆ. ಹಳ್ಳದ ಅಂಚಿನಲ್ಲಿ ಇನ್ನೂ ಕೊಳಕು ಹಿಮ ಉಳಿದಿದೆ. ಮೊದಲೆರಡು ದಿನ ಪೊರಕೆಗೆ ಬಿಡುವೇ ಇಲ್ಲ. ನೀರಿನ ಸದ್ದಂತೆ, ಗುದ್ದಿದ. ಕುರಿಮರಿ ಅಂತೆ, ಗುದ್ದಿದ. ನನ್ನ ಹತ್ತಿರ ಬಂದು ಗುದ್ದುವುದು, ಪುಟ್ಟಿಯ ಹತ್ತಿರ ಹೋಗಿ ಗುದ್ದುವುದು. ನಾವಿಬ್ಬರೂ ಅವನ ತಲೆಯ ಮೇಲೆ ಕೈಯಿಟ್ಟು ಇಟ್ಟು ಕೂದಲು ಸವೆಯಿತು. ಕುರಿಯವನು ಅವನನ್ನು ನೋಡಿ ತಲೆಯಾಡಿಸಿದ. ಇಂಥ ಸಾಧು ನಾಯಿಯನ್ನು ತಾನು ಕಂಡಿಲ್ಲವಂತೆ. ಸಾಧುವಂತೆ! ನನ್ನ ಟೇಪು ಕಚ್ಚಿದವನು.

ಇವತ್ತು ಮಧ್ಯಾಹ್ನ ನಾನು ಬೆಂಚಿನ ಮೇಲಿದ್ದೆ. ಪುಟ್ಟಿ ಒಳಗೆ ಅಡುಗೆ ಮಾಡುತ್ತಿದ್ದಳು. ಎಷ್ಟೋ ಹೊತ್ತು ಪೊರಕೆ ಬರಲೇ ಇಲ್ಲ. ನನಗೆ ದಿಗಿಲು ಹತ್ತಿತು. ಹಳ್ಳಕ್ಕೆ ಬಿದ್ದನಾ, ಕುರಿಯ ಹಿಂದೆ ಹೋದನಾ? ಪುಟ್ಟಿ ಹೊರಗೆ ಬಂದು ಕೈ ಬಾಯಿಗೆ ಹಿಡಿದು ಕರೆದಳು. ಬರಲಿಲ್ಲ. ಎದ್ದು ನಾನೂ ನಾಲ್ಕು ಹೆಜ್ಜೆ ಇಳಿದೆ. ಆಮೇಲೆ ಕಂಡ. ಕೆಳಗೆ ಆ ಕೊಳಕು ಹಿಮದ ಮೇಲೆ ಬೆನ್ನು ಹಾಕಿ, ನಾಲ್ಕೂ ಕಾಲು ಮೇಲೆತ್ತಿ ಹೊರಳಾಡುತ್ತಿದ್ದ. ಪುಟ್ಟಿ ಮತ್ತೆ ಕರೆಯಲು ಹೊರಟಳು. "ಸುಮ್ನಿರೇ, ಅವನು ರಜೆ ಮೇಲಿದಾನೆ" ಅಂದೆ.

ವಾಪಸ್ ಬಂದು ಬೆಂಚಿನ ಮೇಲೆ ಕೂತೆ. ಸುತ್ತ ಏನು ಸದ್ದಾಗುತ್ತಿದೆಯೋ, ನನಗೆ ಹೇಳುವವರು ಯಾರೂ ಇಲ್ಲ. ಊರಿನಲ್ಲಿ ಗೇಟಿಗೆ ಯಾರೋ ಬಂದಿರುತ್ತಾರೆ, ದೀಪ ಹೊತ್ತಿರುತ್ತದೆ, ಪಿಟೀಲಿನವಳು ನೋಡಿದಳೋ ಇಲ್ಲವೋ.

ಆಗ ಮಂಡಿಗೆ ಗುದ್ದಿದ. ಮೈಯೆಲ್ಲ ಒದ್ದೆ, ಮೂಗಿನ ಮೇಲೆ ಮಣ್ಣು. ಯಾವ ಕಡೆ ಅಂತ ಅವನ ಮುಖ ನೋಡಿದೆ. ಯಾವ ಕಡೆಯೂ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ತಲೆಯ ಮೇಲೆ ಕೈಯಿಟ್ಟು "ಆಯ್ತಪ್ಪ" ಅಂದೆ. ಹೋಗಲಿಲ್ಲ. ಇನ್ನೊಂದು ಸಲ ಅಂದೆ. ಹೋಗಲಿಲ್ಲ, ಒದ್ದೆ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಇವತ್ತು ಅವನು ಏನೂ ಹೇಳಲು ಬಂದಿರಲಿಲ್ಲ ಕಣೆ, ಸುಮ್ಮನೆ ಬಂದಿದ್ದ.

ಕೈ ಅಲ್ಲೇ ಇದೆ, ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ.

ನಿನ್ನ ಅಕ್ಕ